ಎಲ್ಲರನ್ನೂ ಸೇರಿಸಿಕೊಂಡು ಪ್ರಯೋಗಶೀಲ ಬ್ಯಾಂಡ್ ಕಟ್ಟುವುದು ಹೇಗೆ: ಕೊಡಗಿನ ಊರುಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಸಮುದಾಯದ ಸಂಗೀತ ತಂಡ ಶುರು ಮಾಡಿದವರು ಹೇಳುವ ಕಷ್ಟ ಹೆಚ್ಚುಕಡಿಮೆ ಒಂದೇ. ವಿಶೇಷಚೇತನರು, ತೋಟದ ಕೆಲಸದವರು, ಕಾಲೇಜು ಮಕ್ಕಳು, ವಯಸ್ಸಾದವರು ಎಲ್ಲರೂ ಬರಲಿ ಅಂತ ಕರೆದಿರುತ್ತಾರೆ. ಮೊದಲ ವಾರ ಹಾಲ್ ತುಂಬುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಗಿಟಾರ್, ಕೀಬೋರ್ಡ್ ಮೊದಲೇ ಬರುತ್ತಿದ್ದ ಮೂರ್ನಾಲ್ಕು ಜನ ಮಾತ್ರ ಉಳಿಯುತ್ತಾರೆ.

ಬಹುತೇಕ ಕಡೆ ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ವಾದ್ಯ ತರುತ್ತಾರೆ, ಆಮೇಲೆ ಹಾಡು ಆರಿಸುತ್ತಾರೆ, ಕಾರ್ಯಕ್ರಮದ ದಿನ ಗೊತ್ತು ಮಾಡುತ್ತಾರೆ, ಕೊನೆಗೆ ಜನರನ್ನು ಹುಡುಕುತ್ತಾರೆ. ಆ ಹಾಡಿಗೆ ಕೈ ಹೊಂದದವರು ಮೂಲೆಯಲ್ಲಿ ಗಿಲಕಿ ಹಿಡಿದು ಕೂರಬೇಕಾಗುತ್ತದೆ. ಅವರು ಮುಂದಿನ ವಾರ ಯಾಕೆ ಬರಬೇಕು ಹೇಳಿ?

ಕ್ರಮ ಹೀಗಿರಲಿ: ಜನ, ಅವರು ಬರುವ ದಾರಿ, ಅವರು ಹೌದು–ಬೇಡ ಹೇಳುವ ಬಗೆ, ಅವರ ಕೈಗೆ ಒಗ್ಗುವ ಸದ್ದು, ಒಟ್ಟಿಗೆ ನುಡಿಸಲು ಸನ್ನೆ, ಆಮೇಲೆ ಬ್ಯಾಂಡ್, ಕೊನೆಗೆ ವೇದಿಕೆ. ಪ್ರಯೋಗಶೀಲ ಬ್ಯಾಂಡ್ ಅಂದರೆ ಇಲ್ಲಿ ಇಷ್ಟೇ: ಸಿದ್ಧ ಹಾಡಿಗೆ ಜನರನ್ನು ಹೊಂದಿಸುವುದಿಲ್ಲ, ಇರುವ ಜನರ ಸದ್ದಿನಿಂದ ಸಂಗೀತ ಕಟ್ಟುತ್ತೇವೆ. ಇದು ಸುಲಭದ ಸಂಗೀತ ಅಂದುಕೊಳ್ಳಬೇಡಿ. ಹಾಡು ಬಾಯಿಪಾಠ ಮಾಡುವುದಕ್ಕಿಂತ ಇದಕ್ಕೆ ಕಿವಿ ಜಾಸ್ತಿ ಬೇಕು.

ಹಂತ 1: ಜನರನ್ನು ಹುಡುಕುವುದು

ಪೋಸ್ಟರ್ ನೋಡಿ ಬರುವವರು ಸಾಮಾನ್ಯವಾಗಿ ಆಗಲೇ ಸಂಗೀತ ಗೊತ್ತಿರುವವರು. ಮನೆಯೊಳಗೇ ಉಳಿದಿರುವವರಿಗೆ ಪೋಸ್ಟರ್ ಮುಟ್ಟುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಭೇಟಿ ಮಾಡಿ. ವಿ.ಆರ್.ಡಬ್ಲ್ಯೂ. ಅಂದರೆ ಪಂಚಾಯಿತಿಯಲ್ಲಿ ಯಾರಾದರೂ ತೋರಿಸುತ್ತಾರೆ. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೂ ಆಶಾ ಕಾರ್ಯಕರ್ತೆಯರಿಗೂ ಗೊತ್ತಿರುತ್ತದೆ. ತೋಟದ ಲೈನ್ ಮನೆಗಳಿಗೆ (ಕೆಲಸದವರ ಸಾಲುಮನೆ), ಆದಿವಾಸಿಗಳ ಹಾಡಿಗಳಿಗೆ ಅಲ್ಲಿಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು ಹೇಳಿ ಕಳಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಹಲವು ಕಣ್ಣಿಗೆ ಕಾಣುವುದಿಲ್ಲ. ಸಿಕಲ್ ಸೆಲ್ ರಕ್ತದ ಕಾಯಿಲೆ ಆ ಪಟ್ಟಿಯಲ್ಲಿದೆ. ಅದು ಇರುವವರಿಗೆ ಚಳಿ ತಾಗಿದರೆ, ನೀರು ಸಾಕಷ್ಟು ಕುಡಿಯದಿದ್ದರೆ ಮೈ ನೋವು ಶುರುವಾಗಬಹುದು. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಸಿಮೆಂಟ್ ನೆಲದ ಮೇಲೆ ಕೂರಿಸುವ ಮೊದಲು ಇದು ಗೊತ್ತಿರಬೇಕು ಅಲ್ವಾ?

ಮನೆಗೆ ಹೋದಾಗ ಏನು ತೊಂದರೆ ಅಂತ ಮಾತು ಶುರು ಮಾಡಬೇಡಿ. ಯಾವ ಸದ್ದು ಇಷ್ಟ, ಯಾವ ಸದ್ದು ಆಗುವುದಿಲ್ಲ ಅಂತ ಕೇಳಿ. ಕುಕ್ಕರ್ ಸೀಟಿಗೆ ಕಿವಿ ಮುಚ್ಚುವವರು ಇರುತ್ತಾರೆ. ಶೀಟಿನ ಮೇಲೆ ಮಳೆ ಬಿದ್ದರೆ ಖುಷಿಯಾಗುವವರು ಇರುತ್ತಾರೆ. ಒಬ್ಬೊಬ್ಬರಿಗೂ ಒಂದು ಕಾರ್ಡ್ ಮಾಡಿ: ಇಷ್ಟದ ಸದ್ದು, ಬೇಡದ ಸದ್ದು, ಮನೆಯ ಭಾಷೆ, ಔಷಧಿ ಸಮಯ, ಫಿಟ್ಸ್ ಬರುತ್ತದೆಯೇ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಮುಂದಿನ ಎಲ್ಲಾ ಹಂತಕ್ಕೂ ಈ ಕಾರ್ಡೇ ಆಧಾರ. ಅದರಲ್ಲಿರುವುದು ಖಾಸಗಿ ವಿಷಯ. ಎಲ್ಲರ ಕೈಗೆ ಸಿಗುವಂತೆ ಇಡಬೇಡಿ.

ಮೊದಲ ಗುಂಪು 10–12 ಜನಕ್ಕಿಂತ ದೊಡ್ಡದು ಬೇಡ. ಅರ್ಧದಷ್ಟಾದರೂ ವಿಶೇಷಚೇತನರಿರಲಿ. ಒಬ್ಬರೋ ಇಬ್ಬರೋ ಇದ್ದರೆ ಅವರು ಅತಿಥಿಗಳಾಗಿಬಿಡುತ್ತಾರೆ, ಗುಂಪಿನ ನಡೆ ಬದಲಾಗುವುದಿಲ್ಲ. 18 ವರ್ಷದೊಳಗಿನವರಿದ್ದರೆ ಪೋಷಕರ ಬರಹದ ಒಪ್ಪಿಗೆ ಬೇಕು. ಯಾವ ಮಗುವಿನ ಜೊತೆಗೂ ಒಬ್ಬರೇ ದೊಡ್ಡವರು ಇರಕೂಡದು, ಶೌಚಾಲಯಕ್ಕೆ ಕರೆದುಕೊಂಡು ಹೋಗುವಾಗಲೂ ಈ ನಿಯಮ ಮರೆಯಬೇಡಿ.

ಹಂತ 2: ಜಾಗ, ಸಮಯ, ದಾರಿ

ಹಾಲ್ ನೋಡಲು ಹೋಗುವಾಗ ಗಾಲಿಕುರ್ಚಿ ಬಳಸುವ ಒಬ್ಬರನ್ನು ಜೊತೆಗೇ ಕರೆದುಕೊಂಡು ಹೋಗಿ. ನಮಗೆ ಕಾಣದ ಮೆಟ್ಟಿಲು ಅವರಿಗೆ ಮೊದಲು ಕಾಣುತ್ತದೆ. ರ್ಯಾಂಪ್ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ, ಅದರಲ್ಲೂ ಮಳೆಯಲ್ಲಿ ಪಾಚಿ ಕಟ್ಟಿದ್ದರೆ, ಅದು ಅಪಾಯ. ಬಾಗಿಲು 90 ಸೆಂಟಿಮೀಟರ್ ಅಗಲ ಇದ್ದರೆ ಚೆನ್ನ. ಗಾಲಿಕುರ್ಚಿ ಒಳಗೆ ಹೋಗುವ ಶೌಚಾಲಯ ಇಲ್ಲದಿದ್ದರೆ ಆ ಹಾಲ್ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿದ್ದರೂ.

ಛಾವಣಿ ನೋಡಿ. ಜಿಂಕ್ ಶೀಟಿನ ಹಾಲ್‌ನಲ್ಲಿ ಜೋರು ಮಳೆ ಬಂದರೆ ಪಕ್ಕದವರ ಮಾತೇ ಕೇಳುವುದಿಲ್ಲ. ಹೆಂಚಿನ ಕಟ್ಟಡ ಸಿಕ್ಕರೆ ಅದನ್ನೇ ಹಿಡಿಯಿರಿ. ಖಾಲಿ ಹಾಲ್‌ನ ಮಾರ್ದನಿ ಇನ್ನೊಂದು ತೊಂದರೆ. ಶ್ರವಣ ಸಾಧನ ಹಾಕುವವರಿಗೆ ಅಲ್ಲಿ ಎಲ್ಲಾ ಸದ್ದೂ ಕಲಸಿಹೋಗುತ್ತದೆ, ಆಟಿಸಂ ಇರುವ ಹಲವರಿಗೆ ತಲೆ ಸಿಡಿಯುತ್ತದೆ. ಎರಡು ಗೋಡೆಗೆ ಖಾಲಿ ಕಾಫಿ ಗೋಣಿಚೀಲ, ಹಳೆಯ ಕಂಬಳಿ ನೇತುಹಾಕಿ. ಅಷ್ಟರಲ್ಲೇ ಬಹಳ ವ್ಯತ್ಯಾಸ ಗೊತ್ತಾಗುತ್ತದೆ.

ಯಾವ ತಿಂಗಳು? ಜೂನ್‌ನಲ್ಲಿ ಶುರು ಮಾಡಲೇಬೇಡಿ. ಮಳೆ, ಮುರಿದ ಮರ, ಹೋದ ಕರೆಂಟ್ ನಡುವೆ ಹೊಸ ಗುಂಪು ಕೂಡುವುದಿಲ್ಲ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಶುರು ಮಾಡಿದರೆ ಕಾಫಿ ಕುಯ್ಲಿಗೆ ಮೊದಲು ಒಂದಿಷ್ಟು ವಾರ ಸಿಗುತ್ತದೆ. ಅರೇಬಿಕಾ, ಆಮೇಲೆ ರೊಬಸ್ಟಾ ಕುಯ್ಲು ನಡೆಯುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ತೋಟದವರಿಗೆ ಪುರುಸೊತ್ತು ಇರುವುದಿಲ್ಲ. ಆಗ ನಿಲ್ಲಿಸಬೇಡಿ, ಭಾನುವಾರ ಮಧ್ಯಾಹ್ನ ಒಂದೇ ಗಂಟೆಗೆ ಇಳಿಸಿ. ದಿನಗೂಲಿ ಬಿಟ್ಟು ಬರುವಂತೆ ಯಾರನ್ನೂ ಕೇಳಬಾರದು.

ಮುಗಿಸುವ ಸಮಯ ಇನ್ನೂ ಮುಖ್ಯ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಎದುರಾಗಬಹುದು. ಗಾಲಿಕುರ್ಚಿಯವರು, ಕಣ್ಣು ಕಾಣದವರು ಅಲ್ಲಿ ಓಡಲಾರರು. ಸಂಜೆ 4ಕ್ಕೆ ಮುಗಿಸಿ, ಎಲ್ಲರೂ ಮನೆ ಮುಟ್ಟಿದ ಫೋನ್ ಬರುವವರೆಗೆ ನಿಮ್ಮ ಕೆಲಸ ಮುಗಿದಿಲ್ಲ.

ಸರ್ಕಾರಿ ಬಸ್ಸಿನಲ್ಲಿ ವಿಶೇಷಚೇತನರಿಗೆ ರಿಯಾಯಿತಿ ಪಾಸ್ ಇದೆ, 2023ರಿಂದ ಮಹಿಳೆಯರಿಗೆ ಶಕ್ತಿ ಯೋಜನೆಯೂ ಇದೆ. ಆದರೆ ಒಳ ಊರುಗಳಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್, ಅಲ್ಲಿ ಇವು ನಡೆಯುವುದಿಲ್ಲ. ಹಾಗಾಗಿ ಬಜೆಟ್‌ನ ಮೊದಲ ಸಾಲು ಜೀಪ್, ಆಟೋ ಬಾಡಿಗೆ ಆಗಿರಲಿ. ಪಂಚಾಯಿತಿಗಳು ಸ್ವಂತ ಆದಾಯದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಅರ್ಜಿ ಕೊಡುವಾಗ ಸ್ಪೀಕರ್ ಕೇಳಬೇಡಿ, ಪ್ರಯಾಣದ ಖರ್ಚು ಕೇಳಿ.

ಎಚ್ಚರಿಕೆಯ ಗುರುತು: ಒಬ್ಬರು ಪ್ರತಿ ವಾರ ತಡವಾಗಿ ಬರುತ್ತಿದ್ದರೆ ಅದು ಆಸಕ್ತಿ ಇಲ್ಲದ್ದಕ್ಕಲ್ಲ, ಬಸ್ಸಿನ ಸಮಯಕ್ಕೆ.

ಹಂತ 3: ಹೌದು–ಬೇಡ ಗೊತ್ತಾಗಬೇಕು

ಈ ಹಂತ ಬಿಟ್ಟವರೇ ಜಾಸ್ತಿ. ಬೇಡ ಅಂತ ಹೇಳಲು ಆಗದವರನ್ನು ಇಟ್ಟುಕೊಂಡು ಬ್ಯಾಂಡ್ ಕಟ್ಟಲು ಆಗುವುದಿಲ್ಲ. ಮಾತಾಡದವರಿಗೂ ಹೌದು–ಬೇಡ ಇದ್ದೇ ಇರುತ್ತದೆ: ಕಣ್ಣು ಎತ್ತುವುದು, ತುಟಿ ಬಿಗಿಯುವುದು, ಮುಖ ತಿರುಗಿಸುವುದು. ಮನೆಯವರಿಂದ ತಿಳಿದು ಕಾರ್ಡಿನಲ್ಲಿ ಬರೆಯಿರಿ. ಜೊತೆಗೆ ಒಂದು ಹಸಿರು, ಒಂದು ಕೆಂಪು ರಟ್ಟು ಎಲ್ಲರಿಗೂ ಕೊಡಿ. ಕಣ್ಣು ಕಾಣದವರಿಗೆ ಒಂದು ನುಣುಪು, ಇನ್ನೊಂದಕ್ಕೆ ಮರಳು ಕಾಗದ ಅಂಟಿಸಿ. ಕೆಂಪು ಮೇಲೆದ್ದ ಕೂಡಲೇ ಎಲ್ಲರೂ ನಿಲ್ಲಿಸಬೇಕು. ಈ ನಿಯಮ ಗಿಟಾರ್ ನುಡಿಸುವವರಿಗೂ ಒಂದೇ.

ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಮಲಯಾಳ, ತುಳು, ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಾತು ಎಲ್ಲವೂ ಇರಬಹುದು. ಸೂಚನೆಗಳನ್ನು ಮಾತಿಗಿಂತ ತೋರಿಸಿ ಹೇಳುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಹಂತ 4: ಒಬ್ಬೊಬ್ಬರ ಕೈಗೆ ಒಗ್ಗುವ ಸದ್ದು

ಈಗ ಸಾಮಾನು ತರಬಹುದು. ದುಬಾರಿ ವಾದ್ಯ ಬೇಡ. ಇಷ್ಟಿದ್ದರೆ ಶುರು ಮಾಡಬಹುದು:

- ನಾಲ್ಕು ಚಾನೆಲ್‌ನ ಸಣ್ಣ ಆಡಿಯೊ ಮಿಕ್ಸರ್ (ಹಲವು ಸದ್ದು ಕೂಡಿಸುವ ಪೆಟ್ಟಿಗೆ), ವೈರ್ ಇರುವ ಸ್ಪೀಕರ್
- ಸಣ್ಣ ಗಿಟಾರ್ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ), ಒಂದು ಲೂಪರ್ ಪೆಡಲ್ (ಸದ್ದನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಸಾಧನ)
- ನಾಲ್ಕಾರು ಪೀಜೋ ಡಿಸ್ಕ್, ಮೋನೋ ಜಾಕ್, ಬೆಸುಗೆ ಕಡ್ಡಿ
- ಕಿವಿ ಮುಚ್ಚುವ ಇಯರ್‌ಮಫ್, ಕನಿಷ್ಠ ಮೂರು ಜೊತೆ
- ಬಿದಿರು, ತಗಡು ಡಬ್ಬ, ಅಡಿಕೆ ಹಾಳೆ, ಒಣ ಕಾಫಿ ಬೀಜ, ಒಣ ಮೆಣಸು, ಪಾತ್ರೆ

ಇದರಲ್ಲಿ ಪೀಜೋ ಡಿಸ್ಕ್ ಅತಿ ಅಗ್ಗ, ಅತಿ ಉಪಯೋಗ. ಹಿತ್ತಾಳೆ ಬಣ್ಣದ ಬಿಲ್ಲೆ, ನಡುವೆ ಬಿಳಿಯ ತೆಳು ಪದರ. ಅದನ್ನು ಯಾವ ವಸ್ತುವಿಗೆ ಅಂಟಿಸಿದರೂ ಆ ವಸ್ತುವಿನ ಒಳಗಿನ ಕಂಪನ ಹಿಡಿಯುತ್ತದೆ. ಬೆರಳಿನ ತುದಿ ಮಾತ್ರ ಅಲ್ಲಾಡಿಸಬಲ್ಲವರು ಅಡಿಕೆ ಹಾಳೆಯನ್ನು ಕೆರೆದರೆ ಆಂಪ್‌ನಲ್ಲಿ ಅದು ದೊಡ್ಡ ಸದ್ದಾಗಿ ಬರುತ್ತದೆ. ಜೋರಾಗಿ ಬಾರಿಸಬಲ್ಲವರ ಎದುರು ಅವರು ಮುಳುಗಿ ಹೋಗುವುದಿಲ್ಲ.

ಮಾಡುವುದು ಹೀಗೆ. ಒಂದು ವೈರ್ ಬಿಳಿ ಪದರದ ಮೇಲೆ, ಇನ್ನೊಂದು ಹಿತ್ತಾಳೆಯ ಅಂಚಿಗೆ ಬೆಸೆಯಿರಿ. ಬಿಳಿ ಪದರದ ಮೇಲೆ ಬೆಸುಗೆ ಕಡ್ಡಿಯನ್ನು ಒಂದೆರಡು ಸೆಕೆಂಡ್‌ಗಿಂತ ಜಾಸ್ತಿ ಇಡಬೇಡಿ, ಪದರ ಸುಟ್ಟುಹೋಗುತ್ತದೆ. ನಡುವಿನ ವೈರ್ ಜಾಕ್‌ನ ತುದಿಗೆ, ಅಂಚಿನ ವೈರ್ ಜಾಕ್‌ನ ಮೈಗೆ. ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ, ವಸ್ತುವಿಗೆ ಡಬಲ್ ಟೇಪ್‌ನಿಂದ ಒತ್ತಿ ಅಂಟಿಸಿ. ಸಡಿಲವಾಗಿದ್ದರೆ ಬರೀ ಕರಕರ ಕೇಳುತ್ತದೆ. ಮಿಕ್ಸರ್‌ನ ಸಾದಾ ಲೈನ್ ಇನ್‌ಪುಟ್‌ಗೆ ಹಾಕಿದರೆ ಸದ್ದು ತೆಳ್ಳಗೆ, ತಗಡಿನಂತೆ ಬರುತ್ತದೆ. ಬಹಳ ಜನ ಇಲ್ಲೇ ಡಿಸ್ಕ್ ಕೆಟ್ಟಿದೆ ಅಂತ ಎಸೆಯುತ್ತಾರೆ. ಗಿಟಾರ್ ಇನ್‌ಪುಟ್‌ಗೆ ಹಾಕಿ ನೋಡಿ, ದಪ್ಪ ಸದ್ದು ಬರುತ್ತದೆ.

ಬ್ಲೂಟೂತ್ ಸ್ಪೀಕರ್ ಬಳಸಲೇಬೇಡಿ. ಅದರಲ್ಲಿ ಸದ್ದು ಒಂದಿಷ್ಟು ತಡವಾಗಿ ಬರುತ್ತದೆ. ಪಳಗಿದವರು ಹೇಗೋ ಸರಿದೂಗಿಸಿಕೊಳ್ಳುತ್ತಾರೆ. ಆದರೆ ತನ್ನ ಕೈಯಿಂದಲೇ ಈ ಸದ್ದು ಬಂತು ಅಂತ ಮೊದಲ ಸಲ ಕಂಡುಕೊಳ್ಳುತ್ತಿರುವವರಿಗೆ ಆ ತಡ ಎಲ್ಲವನ್ನೂ ಕೆಡಿಸುತ್ತದೆ. ಮುಟ್ಟಿದ್ದಕ್ಕೂ ಕೇಳಿದ್ದಕ್ಕೂ ನಂಟು ತಪ್ಪಿಹೋಗಿ ಕೈ ಹಿಂದಕ್ಕೆ ಹೋಗುತ್ತದೆ. ಆಗ ನಾವು ಆಸಕ್ತಿ ಇಲ್ಲ ಅಂದುಕೊಳ್ಳುತ್ತೇವೆ. ವೈರ್ ಹಾಕಿ.

ಕೈ ಹೆಚ್ಚು ಆಡದವರಿಗೆ ಮೇಕಿ ಮೇಕಿ ಎಂಬ ಸಣ್ಣ ಬೋರ್ಡ್ ಇದೆ. ಕಂಪ್ಯೂಟರ್ ಅದನ್ನು ಕೀಬೋರ್ಡ್ ಎಂದೇ ತಿಳಿಯುತ್ತದೆ. ಆ ಬೋರ್ಡಿನದೇ ಅರ್ತ್ ವೈರ್ (ಕರೆಂಟ್ ಪ್ಲಗ್‌ನದ್ದಲ್ಲ) ಮೈಗೆ ತಾಗಿಸಿಕೊಂಡು, ಬೋರ್ಡಿಗೆ ವೈರ್‌ನಿಂದ ಸೇರಿಸಿದ ಅಲ್ಯುಮಿನಿಯಂ ಹಾಳೆ ಅಂಟಿಸಿದ ಹಲಗೆಯನ್ನು ಮೊಣಕೈ, ಕೆನ್ನೆ, ಕಾಲಿನ ಬೆರಳು ಯಾವುದರಿಂದ ಮುಟ್ಟಿದರೂ ಸದ್ದು ಬರುತ್ತದೆ. ಇದನ್ನು ಬಳಸುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ, ಚಾರ್ಜರ್ ಹಾಕಬೇಡಿ. ಆಡಿಯೊವನ್ನೂ ಕರೆಂಟಿಗೆ ಸಿಕ್ಕಿಸಿದ ಮಿಕ್ಸರ್‌ಗೆ ಕೊಡಬೇಡಿ, ಚಾರ್ಜ್ ಮಾಡಿಟ್ಟ ಸ್ಪೀಕರ್‌ಗೆ ಆಕ್ಸ್ ವೈರ್‌ನಿಂದ ಕೊಡಿ. ಮುಖ ಮಾತ್ರ ಆಡಿಸಬಲ್ಲವರಿಗೆ ಎಯುಎಂಐ ಎಂಬ ಉಚಿತ ಆ್ಯಪ್ ಇದೆ. ಕ್ಯಾಮೆರಾ ಮುಖದ ಚಲನೆ ಹಿಡಿದು ಸದ್ದು ಮಾಡುತ್ತದೆ. ಅಮೆರಿಕದ ಸಂಗೀತಗಾರ್ತಿ ಪೌಲಿನ್ ಒಲಿವೆರೋಸ್ ಮತ್ತು ಜೊತೆಗಾರರು ಇದೇ ಉದ್ದೇಶಕ್ಕೆ ರೂಪಿಸಿದ್ದು.

ಕಿವಿ ಕೇಳಿಸದವರಿಗೆ ನೆಲವೇ ದಾರಿ. ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಬರಿಗಾಲಿನಲ್ಲಿ ನಿಂತು ಕಂಪನ ಹಿಡಿದೇ ನುಡಿಸುತ್ತಾರೆ. ನಮ್ಮ ಹಾಲ್‌ಗಳ ಸಿಮೆಂಟ್ ನೆಲ ಕಂಪಿಸುವುದಿಲ್ಲ. ತೆಳು ಪ್ಲೈವುಡ್ ಹಾಳೆಯ ಕೆಳಗೆ ಅಂಚಿಗೆ ಮಾತ್ರ ಮರದ ಪಟ್ಟಿ ಹೊಡೆದು, ನಡುವೆ ಪೊಳ್ಳು ಬಿಡಿ. ಅದರ ಮೇಲೆ ಅವರು ಕೂರಲಿ, ದಪ್ಪ ಸದ್ದಿನ ಚೆಂಡೆಯೋ ಬೇಸ್ ಸ್ಪೀಕರೋ ಅದರ ಅಂಚಿಗೆ ತಾಗಿರಲಿ.

ಇಲ್ಲಿಯ ವಾದ್ಯಗಳ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ದುಡಿ ಎಂಬ ನಡು ಸಣ್ಣಗಿರುವ ಚರ್ಮವಾದ್ಯ ಇಂಥ ಬ್ಯಾಂಡಿಗೆ ತುಂಬಾ ಒಳ್ಳೆಯದು. ಹಗುರ, ಮಡಿಲಲ್ಲಿ ಕೂರುತ್ತದೆ, ನಡು ಒತ್ತಿದರೆ ಸ್ವರ ಏರುತ್ತದೆ. ಕೊಂಬಿನ ಒಂದೇ ಉದ್ದ ಊದು ಇಡೀ ರಚನೆಯನ್ನು ಹೊತ್ತು ನಿಲ್ಲಬಲ್ಲದು. ಆದರೆ ಸದ್ದು ಮಾತ್ರ ತೆಗೆದುಕೊಂಡು ನುಡಿಸುವವರನ್ನು ಹೊರಗಿಡಬೇಡಿ. ವಾಲಗದವರನ್ನು, ಬಾಳೋಪಾಟ್ ಎಂಬ ಕೊಡವ ಹಾಡು ಹಾಡುವ ಹಿರಿಯರನ್ನು, ಚೀನಿ (ಊದುವ ವಾದ್ಯ)–ದುಡಿ ನುಡಿಸುವ ಯರವ ಕಲಾವಿದರನ್ನು ಸದಸ್ಯರಾಗಿ ಕರೆಯಿರಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ದೈವದ ಮುಂದಿನದ್ದು, ಸಾವಿನ ಮನೆಯದ್ದು ಆಟಕ್ಕೆ ತರುವಂಥದ್ದಲ್ಲ. ಯಾವುದು ತರಬಹುದು ಅಂತ ಅವರನ್ನೇ ಕೇಳಿ. ಬೇಡ ಅಂದರೆ ಚರ್ಚೆ ಬೇಡ.

ಸದ್ದಿನ ಮಿತಿ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕಿವಿ ಸುರಕ್ಷತೆಯ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ, 100 ಡೆಸಿಬಲ್ ಆದರೆ 15 ನಿಮಿಷ ಅಷ್ಟೇ. ಫೋನ್‌ನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಅಂದಾಜಿಗೆ ಸಾಕು. ಕರೆಂಟಿನ ಬೋರ್ಡ್‌ನಲ್ಲಿ ಅರ್ತಿಂಗ್ ಇದೆಯೇ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಇದೆಯೇ ಅಂತ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ ಎಲ್ಲಾ ಪ್ಲಗ್ ಕಿತ್ತು ಬರೀ ಬಿದಿರು, ದುಡಿಯಲ್ಲಿ ನುಡಿಸಿ.

ಹಂತ 5: ಮೊದಲ ವಾರಗಳು, ಹಾಡಿಲ್ಲದೆ

ಮೊದಲ ಮೂರು ನಾಲ್ಕು ವಾರ ಯಾವ ಹಾಡೂ ಬೇಡ. ಒಂದು ಗಂಟೆಯ ಕೂಟವನ್ನು ಪ್ರತಿ ಸಲ ಒಂದೇ ಕ್ರಮದಲ್ಲಿ ನಡೆಸಿ: ಬಂದು ಕೂರುವುದು, ಒಬ್ಬೊಬ್ಬರ ಒಂದೊಂದು ಸದ್ದು, ಚಹಾ, ಒಟ್ಟಿಗೆ ನುಡಿಸುವುದು, ಕೊನೆಗೆ ರೆಕಾರ್ಡ್ ಕೇಳುವುದು. ಮುಂದೇನು ಅಂತ ಗೊತ್ತಿದ್ದರೆ ಹೆದರುವವರೂ ನೆಲೆಯಾಗುತ್ತಾರೆ. ಕ್ರಮವನ್ನು ಚಿತ್ರ ಬರೆದು ಗೋಡೆಗೆ ಹಾಕಿ.

ವೃತ್ತದಲ್ಲಿ ಕೂತು ಒಬ್ಬರು ಒಂದು ಸದ್ದು ಮಾಡುವುದು, ಅದು ಪೂರ್ತಿ ಆರುವವರೆಗೆ ಎಲ್ಲರೂ ಕಾಯುವುದು, ಆಮೇಲೆ ಪಕ್ಕದವರು. ಇಷ್ಟೇ ಆಟ. ಇದರಲ್ಲಿ ಕಾಯುವುದನ್ನು ಕಲಿಯಬೇಕಾದವರು ಸಂಗೀತ ಬಲ್ಲವರೇ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ) ಇರುವವರ ಕೈ ಹೊರಡಲು ಹೊತ್ತು ಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಸಾಲದಿದ್ದರೆ ಮತ್ತೆ ಹತ್ತು. ಮೂರಕ್ಕೇ ತಾಳ್ಮೆ ಕಳೆದು ಮುಂದಿನವರಿಗೆ ಹೋದರೆ ಅವರ ಸರದಿಯನ್ನು ನೀವು ಕಿತ್ತುಕೊಂಡ ಹಾಗೆ.

ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ ಹಂತದಲ್ಲಿದೆ. ಸಹಾಯಕರೋ ಅಮ್ಮನೋ ಪಕ್ಕದಲ್ಲಿ ಕೂತು ಮಗುವಿನ ಕೈ ಹಿಡಿದು ಬಾರಿಸುತ್ತಾರೆ. ನೋಡುವವರಿಗೆ ಚಂದ. ಆದರೆ ಆ ಸದ್ದು ಮಗುವಿನದ್ದಲ್ಲ, ಅಮ್ಮನದ್ದು. ಅಮ್ಮಂದಿರಿಗೆ ಇದನ್ನು ಹೇಳುವಾಗ ಬಹಳ ಮೆತ್ತಗೆ ಹೇಳಬೇಕು, ವರ್ಷಗಟ್ಟಲೆ ಎಲ್ಲಾ ಕೆಲಸವನ್ನೂ ಕೈ ಹಿಡಿದೇ ಮಾಡಿಸಿದವರು ಅವರು. ಅವರಿಗೂ ಒಂದು ವಾದ್ಯ ಕೊಟ್ಟು ವೃತ್ತದ ಎದುರು ಬದಿಯಲ್ಲಿ ಕೂರಿಸಿ. ಕೈ ಆಧಾರ ಬೇಕೇ ಬೇಕಿದ್ದರೆ ಮೊಣಕೈ ಕೆಳಗೆ ದಿಂಬು ಕೊಡಿ, ಬೆರಳು ಬಿಡಿ. ಬೆರಳು ಆಡಲೇ ಇಲ್ಲವೋ, ಹಂತ 4ಕ್ಕೆ ಹಿಂದಿರುಗಿ ಬೇರೆ ಸದ್ದು ಹುಡುಕಿ.

ಪಟ್ಟಿಗಳನ್ನು ಬಿಚ್ಚಬಹುದಾದ ಝೈಲೋಫೋನ್‌ನಂಥ ಸ್ವರವಾದ್ಯ ಇದ್ದರೆ ಶುರುವಿಗೆ ಮೋಹನ ರಾಗದ ಸ ರಿ ಗ ಪ ದ ಮಾತ್ರ ಇಟ್ಟು ಉಳಿದ ಪಟ್ಟಿಗಳನ್ನು ತೆಗೆದಿಡಬಹುದು. ಏನು ಹೊಡೆದರೂ ಕೂಡಿಬರುತ್ತದೆ. ಆದರೆ ಒಂದೆರಡು ವಾರ ಆದ ಮೇಲೆ ಪಟ್ಟಿಗಳನ್ನು ವಾಪಸ್ ಹಾಕಿ. ಯಾವಾಗಲೂ ಇಂಪಾಗಿಯೇ ಕೇಳಬೇಕು ಅಂತ ಹಟ ಹಿಡಿದರೆ ಎಲ್ಲಾ ರಚನೆಯೂ ಒಂದೇ ತರ ಆಗುತ್ತದೆ. ಒರಟು ಸದ್ದನ್ನು ಇಷ್ಟಪಡುವ ಹಕ್ಕು ಎಲ್ಲರಿಗೂ ಇದೆ.

ಎಚ್ಚರಿಕೆಯ ಗುರುತು: ಕಿವಿ ಮುಚ್ಚುವುದು, ತೂಗಾಡುವುದು ಜೋರಾಗುವುದು, ಬಾಗಿಲ ಕಡೆಗೇ ನೋಡುವುದು. ಸದ್ದು ಇಳಿಸಿ, ಹೊರಗೆ ಕೂರಲು ಒಂದು ಬೆಂಚ್ ಯಾವಾಗಲೂ ಇರಲಿ. ಹೊರಗೆ ಕೂತು ಕೇಳುವುದೂ ಹಾಜರಿಯೇ.

ಹಂತ 6: ಸನ್ನೆಗಳು

ಒಟ್ಟಿಗೆ ಶುರು, ಒಟ್ಟಿಗೆ ನಿಲ್ಲು, ಏರಿಸು, ಇಳಿಸು, ನೀನೊಬ್ಬನೇ, ಎಲ್ಲರೂ. ಈ ಆರು ಸನ್ನೆ ಸಾಕು. ಕೈ ಸನ್ನೆಯಿಂದ ಸ್ಥಳದಲ್ಲೇ ಸಂಗೀತ ಕಟ್ಟುವ ಪದ್ಧತಿಗಳು ಹಲವಿವೆ. ಅಮೆರಿಕದ ಸಂಗೀತಗಾರ ಬುಚ್ ಮೋರಿಸ್ 1985ರಿಂದ ಬೆಳೆಸಿದ ‘ಕಂಡಕ್ಷನ್’ ಅದರಲ್ಲೊಂದು. ಆದರೆ ಅವರ ಸನ್ನೆಗಳನ್ನೇ ಕಲಿಯಬೇಕಿಲ್ಲ. ನಿಮ್ಮ ಗುಂಪಿನವರೇ ಮಾಡಿದ ಸನ್ನೆ ಬೇಗ ನೆನಪಿರುತ್ತದೆ.

ಎರಡು ಕಡೆ ಎಡವುತ್ತಾರೆ. ಒಂದು, ಸನ್ನೆ ಭಾಷೆ ಬಳಸುವ ಸದಸ್ಯರಿದ್ದರೆ ನಿಮ್ಮ ಸನ್ನೆಗೆ ಅವರ ಭಾಷೆಯಲ್ಲಿ ಬೇರೆ ಅರ್ಥ ಇರಬಹುದು. ಮೊದಲೇ ತೋರಿಸಿ ಕೇಳಿ. ಇನ್ನೊಂದು, ಕಣ್ಣು ಕಾಣದವರನ್ನು ಮರೆಯುವುದು. ಅವರ ಜೊತೆ ಕೂತವರು ಹೆಗಲಿಗೆ ತಟ್ಟಿ ದಾಟಿಸಲಿ: ಒಂದು ತಟ್ಟು ಶುರು, ಎರಡು ತಟ್ಟು ನಿಲ್ಲು, ಮೇಲಕ್ಕೆ ಸವರಿದರೆ ಏರಿಸು. ತಟ್ಟುವ ಮೊದಲು ಮುಟ್ಟಬಹುದೇ ಅಂತ ಅವರ ಒಪ್ಪಿಗೆ ಇರಬೇಕು.

ಸನ್ನೆ ಕೊಡುವವರು ಪ್ರತಿ ವಾರ ಬದಲಾಗಲಿ. ಮೂರನೇ ವಾರದಿಂದ ಸಂಗೀತ ಬಲ್ಲವರು ಆ ಜಾಗದಲ್ಲಿ ನಿಲ್ಲುವುದೇ ಬೇಡ. ಡೌನ್ ಸಿಂಡ್ರೋಮ್ ಇರುವ ಹುಡುಗಿ ನಡುವೆ ನಿಂತು ಕೈ ಕೆಳಗಿಳಿಸಿದಾಗ ಹನ್ನೆರಡು ಜನ ನಿಲ್ಲಿಸುತ್ತಾರೆ. ಗುಂಪಿನಲ್ಲಿ ಯಾರು ಯಾರ ಮಾತು ಕೇಳಬೇಕು ಅನ್ನುವುದು ಅಂದಿನಿಂದ ಬದಲಾಗುತ್ತದೆ.

ಹಂತ 7: ಗುಂಪಿನಿಂದ ಬ್ಯಾಂಡ್‌ಗಳು

ಎರಡು ತಿಂಗಳು ಕಳೆಯುವವರೆಗೆ ಬ್ಯಾಂಡ್ ಅನ್ನುವ ಮಾತು ಎತ್ತಬೇಡಿ. ಯಾರು ಯಾರ ಪಕ್ಕ ಹೋಗಿ ಕೂರುತ್ತಾರೆ, ಯಾರ ಸದ್ದಿಗೆ ಯಾರು ತಿರುಗಿ ನೋಡುತ್ತಾರೆ ಅಂತ ಸುಮ್ನೆ ಗಮನಿಸಿ ಬರೆದಿಡಿ. ಬ್ಯಾಂಡ್ ಅಲ್ಲಿಂದ ಹುಟ್ಟುತ್ತದೆ. ನಾಲ್ಕರಿಂದ ಆರು ಜನ ಸರಿ. ಒಬ್ಬರು ಎರಡು ಬ್ಯಾಂಡ್‌ನಲ್ಲಿ ಇರಬಹುದು. ಯಾವ ಬ್ಯಾಂಡಿಗೂ ಸೇರದೆ ದೊಡ್ಡ ಗುಂಪಿನಲ್ಲೇ ಇರುತ್ತೇನೆ ಅಂದರೆ ಅದೂ ಸರಿ.

ಅಂಗವೈಕಲ್ಯದ ಬಗೆ ನೋಡಿ ಬ್ಯಾಂಡ್ ಮಾಡಬೇಡಿ. ಕಣ್ಣು ಕಾಣದವರದ್ದೊಂದು, ಕಿವಿ ಕೇಳದವರದ್ದೊಂದು ಅಂತ ವಿಂಗಡಿಸಿದರೆ ಶುರು ಮಾಡಿದ ಉದ್ದೇಶವೇ ಹೋಯಿತು. ರುಚಿ ನೋಡಿ ಮಾಡಿ. ಗದ್ದಲ ಇಷ್ಟಪಡುವವರು ಒಂದು ಕಡೆ, ಮೆಲ್ಲನೆಯ ಉದ್ದ ಸದ್ದು ಇಷ್ಟಪಡುವವರು ಇನ್ನೊಂದು ಕಡೆ.

ಹೆಸರು ಅವರೇ ಇಡಲಿ. ಸಂಘಟಕರು ಇಡುವ ಹೆಸರಿನಲ್ಲಿ ಬೆಳಕು, ಆಶಾಕಿರಣ, ದಿವ್ಯ ಇವೆಲ್ಲ ಬಂದುಬಿಡುತ್ತವೆ. ಅವರು ಜೀಪಿನ ಹೆಸರಿಟ್ಟರೂ, ಅರ್ಥವಿಲ್ಲದ ಶಬ್ದ ಇಟ್ಟರೂ ತಿದ್ದಬೇಡಿ.

ಹಂತ 8: ರಚನೆ ಕಟ್ಟುವುದು

ಪ್ರತಿ ಕೂಟವನ್ನೂ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಫೋನನ್ನು ನಡುವೆ ಸ್ಟೂಲ್ ಮೇಲೆ ಬಟ್ಟೆ ಹಾಸಿ ಇಡಿ, ಸ್ಪೀಕರ್ ಪಕ್ಕ ಬೇಡ. ಮುಂದಿನ ವಾರ ಕೇಳಿಸಿ, ಇಷ್ಟವಾದಲ್ಲಿ ಹಸಿರು ರಟ್ಟು ಎತ್ತಲು ಹೇಳಿ. ಹಸಿರು ಎದ್ದ ಅರ್ಧ ನಿಮಿಷಗಳೇ ನಿಮ್ಮ ಇಟ್ಟಿಗೆ.

ಅವನ್ನು ಉದ್ದ ಕಾಗದದ ಸುರುಳಿಯ ಮೇಲೆ ಚಿತ್ರವಾಗಿ ಬರೆಯಿರಿ. ಮೆಣಸಿನ ಡಬ್ಬಕ್ಕೆ ಚುಕ್ಕಿ, ಕೊಂಬಿಗೆ ದಪ್ಪ ಗೆರೆ, ಮೌನಕ್ಕೆ ಖಾಲಿ ಜಾಗ. ಓದು ಬರಹ ಬಾರದವರಿಗೂ ಇದು ಸ್ವರಲಿಪಿ. ಒಬ್ಬರು ಕೋಲಿನಿಂದ ಎಡದಿಂದ ಬಲಕ್ಕೆ ತೋರಿಸುತ್ತಾ ಹೋಗಲಿ. ಕಣ್ಣು ಕಾಣದವರಿಗಾಗಿ ಅದೇ ಸುರುಳಿಯ ಮೇಲೆ ದಾರ, ಮಣಿ ಅಂಟಿಸಿ.

ಉದ್ದಕ್ಕೆ ಬೆಲೆ ಇಲ್ಲ. ಫಿನ್‌ಲೆಂಡಿನಲ್ಲಿ ವಿಶೇಷಚೇತನರಿಗಾಗಿ ನಡೆಯುತ್ತಿದ್ದ ಕಾರ್ಯಾಗಾರದಿಂದ ಹುಟ್ಟಿದ ಪೆರ್ಟಿ ಕುರಿಕನ್ ನಿಮಿಪೈವತ್ ಎಂಬ ಪಂಕ್ ಬ್ಯಾಂಡ್ 2015ರ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ನುಡಿಸಿದ ಹಾಡು ಒಂದೂವರೆ ನಿಮಿಷವೂ ಇರಲಿಲ್ಲ. ಮೂರು ನಿಮಿಷ ಗಟ್ಟಿಯಾಗಿದ್ದರೆ ಸಾಕು.

ಲೂಪರ್ ಬಳಸುವಾಗ ನಿಲ್ಲಿಸುವ ಗುಂಡಿ ಯಾರ ಸದ್ದು ತಿರುಗುತ್ತಿದೆಯೋ ಅವರ ಹತ್ತಿರ ಇರಲಿ. ತನ್ನ ಸದ್ದನ್ನು ತಾನೇ ನಿಲ್ಲಿಸಲಾಗದೆ ಕೇಳುತ್ತಾ ಕೂರುವುದು ಹಿಂಸೆ.

ಎಚ್ಚರಿಕೆಯ ಗುರುತು: ಪ್ರತಿ ರಚನೆಯೂ ಮೆಲ್ಲಗೆ ಶುರುವಾಗಿ ಗದ್ದಲದಲ್ಲಿ ಮುಗಿಯುತ್ತಿದೆಯೇ? ಯಾರೋ ಒಬ್ಬರು ಒಳಗಿಂದೊಳಗೆ ನಡೆಸುತ್ತಿದ್ದಾರೆ ಅಂತ ಅರ್ಥ. ಅವರಿಗೆ ಒಂದು ವಾರ ಒಂದೇ ಸದ್ದಿನ ವಾದ್ಯ ಕೊಟ್ಟು ನೋಡಿ.

ಹಂತ 9: ವೇದಿಕೆ

ಬ್ಯಾಂಡಿನವರು ಬಯಸಿದರೆ ಮಾತ್ರ. ಮೊದಲ ಸಲ ದಸರಾ ಜನಜಂಗುಳಿಯ ವೇದಿಕೆ ಬೇಡ. ಕಾಫಿ ಕಣ, ಶಾಲೆಯ ಜಗಲಿ, ಗ್ರಂಥಾಲಯದ ಕೋಣೆ ಇಂಥ ಕಡೆ ಮೂವತ್ತು ನಲವತ್ತು ಜನರ ಎದುರು ಹಗಲಲ್ಲಿ ನುಡಿಸಿ. ಇಂಗ್ಲೆಂಡಿನ ಬ್ರೈಟನ್ನಿನ ಹೆವಿ ಲೋಡ್ ಎಂಬ ಬ್ಯಾಂಡ್ ಒಂದು ವಿಷಯ ಗಮನಿಸಿತು: ರಾತ್ರಿ 9ಕ್ಕೆ ವಿಶೇಷಚೇತನ ಪ್ರೇಕ್ಷಕರು ಎದ್ದು ಹೋಗುತ್ತಿದ್ದರು, ಅವರನ್ನು ನೋಡಿಕೊಳ್ಳುವವರ ಪಾಳಿ ಮುಗಿಯುತ್ತಿತ್ತು ಅಂತ. ಆ ಪದ್ಧತಿ ಬದಲಾಗಬೇಕು ಅಂತ ಅವರು ಅಭಿಯಾನವನ್ನೇ ನಡೆಸಿದರು. ನಮ್ಮಲ್ಲಿ ಪಾಳಿಯ ಬದಲು ಕೊನೆಯ ಬಸ್. ರಾತ್ರಿ ಕಾರ್ಯಕ್ರಮ ಮಾಡಲೇಬೇಕಿದ್ದರೆ ಪ್ರೇಕ್ಷಕರಿಗೂ ವಾಹನ ಗೊತ್ತು ಮಾಡಿ.

ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಮೊದಲೇ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಅದನ್ನು ಹಾಕುವಂತಿಲ್ಲ. ಮಿನುಗುವ ದೀಪ ಬೇಡವೇ ಬೇಡ, ಅಪಸ್ಮಾರ ಇರುವವರಿಗೆ ಅದರಿಂದ ಫಿಟ್ಸ್ ಬರಬಹುದು. ವೇದಿಕೆಗೂ ರ್ಯಾಂಪ್ ಬೇಕು. ಗಾಲಿಕುರ್ಚಿಯನ್ನು ನಾಲ್ಕು ಜನ ಎತ್ತಿ ಮೇಲಿಡುವುದನ್ನು ಯಾರೂ ನೋಡಬೇಕಿಲ್ಲ.

ಸೌಂಡ್‌ನವರಿಗೆ ಮೊದಲೇ ಹೇಳಿ: ಇಲ್ಲಿ ಕರ್ಕಶ ಅನ್ನಿಸುವ ಸದ್ದು ತಪ್ಪಲ್ಲ, ಇಳಿಸಬೇಡಿ. ನಿರೂಪಕರ ಮಾತನ್ನು ಮೊದಲೇ ಓದಿ ನೋಡಿ. ಯಾರಿಗೆ ಏನು ಕಾಯಿಲೆ ಅಂತ ಪರಿಚಯ ಮಾಡಿಕೊಡುವುದು ಬೇಡ. ಹೆಸರು, ವಾದ್ಯ ಹೇಳಲಿ. ಪಾಪ ಅನ್ನುವ ಧಾಟಿ ಬಂದರೆ ಆ ಸಾಲನ್ನು ಅಲ್ಲೇ ಹೊಡೆದು ಹಾಕಿ. ಶಾಲು, ಹಾರ ಹಾಕಿ ಕಳಿಸಿದರೆ ಸಾಲದು, 500 ರೂಪಾಯಿ ಬಂದರೂ ಸಮವಾಗಿ ಹಂಚಿ, ಅವರವರ ಕೈಗೇ ಕೊಡಿ.

ಹಂತ 10: ಮಳೆಗಾಲ, ಮತ್ತು ಮುಂದಕ್ಕೆ

ಜೂನ್ ಬರುವ ಮೊದಲು ಸಾಮಾನು ಕಟ್ಟಿಡಿ. ಬ್ಯಾಟರಿ ಹೊರತೆಗೆಯಿರಿ, ಇಲ್ಲದಿದ್ದರೆ ಸೋರಿ ಒಳಗೆಲ್ಲ ತಿಂದುಹಾಕುತ್ತದೆ. ಮೈಕ್, ಪೆಡಲ್‌ಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ಚರ್ಮದ ವಾದ್ಯದ ಹಗ್ಗ ಸಡಿಲಿಸಿ, ಅಡುಗೆಮನೆಯ ಒಲೆ ಬಿಸಿ ತಾಗುವ ಕಡೆ ನೇತುಹಾಕಿ. ನೆಲಕ್ಕಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆಯ ತಿಂಗಳುಗಳಲ್ಲಿ ದೊಡ್ಡ ಕೂಟ ಬೇಡ. ಒಂದೊಂದು ಮನೆಯಲ್ಲಿ ಇಬ್ಬರು ಮೂವರು ಸೇರಿ ಶೀಟಿನ ಮಳೆ, ತೊರೆ, ಕಪ್ಪೆ ರೆಕಾರ್ಡ್ ಮಾಡಲಿ. ಸೆಪ್ಟೆಂಬರ್‌ನ ರಚನೆಗೆ ಅದೇ ಸಾಮಗ್ರಿ.

ಎರಡನೇ ವರ್ಷಕ್ಕೆ ಹಾಲ್‌ನ ಕೀಲಿ, ಲೆಕ್ಕದ ಪುಸ್ತಕ, ಫೋನ್ ಮಾಡುವ ಕೆಲಸ ಮೂರನ್ನೂ ಸದಸ್ಯರಿಗೆ ಹಂಚಿ. ಒಬ್ಬರೇ ಮಾಡಲಾಗದಿದ್ದರೆ ಇಬ್ಬರು ಸೇರಿ ಮಾಡಲಿ.

ಯಾರಾದರೂ ಬ್ಯಾಂಡ್ ಬಿಟ್ಟು ಹೋಗಬಹುದು, ಊರು ಬಿಡಬಹುದು. ಅವರ ಸದ್ದು ರೆಕಾರ್ಡ್‌ನಲ್ಲಿ, ಲೂಪ್‌ನಲ್ಲಿ ಉಳಿದಿರುತ್ತದೆ. ಬಳಸಬಹುದೇ ಅಂತ ಅವರನ್ನೇ ಕೇಳಿ, ಬಳಸಿದಲ್ಲಿ ಹೆಸರು ಹಾಕಿ, ಬಂದ ದುಡ್ಡಿನಲ್ಲಿ ಪಾಲು ಕಳಿಸಿ. ಬೇಡ ಅಂದರೆ ಅಳಿಸಿ. ಆ ಜಾಗವನ್ನು ಖಾಲಿ ಬಿಟ್ಟು ನುಡಿಸಬೇಕೋ ಹೊಸ ಸದ್ದು ತರಬೇಕೋ ಅನ್ನುವುದನ್ನು ಉಳಿದವರು ರಟ್ಟು ಎತ್ತಿ ತೀರ್ಮಾನಿಸಲಿ.